ಯಂತ್ರ ‘ಇವರಲ್ಲ’ ಅಂದಾಗ: ಬದಲಾಗುತ್ತಲೇ ಇರುವ ಮನುಷ್ಯ ಅವನೇ ಆಗಿ ಉಳಿಯುವುದು ಹೇಗೆ?

ನವೆಂಬರ್ ಬಂತೆಂದರೆ ಪಿಂಚಣಿ ಪಡೆಯುವವರಿಗೆ ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಿಕೊಡುವ ಕೆಲಸ ಇರುತ್ತದೆ. 2014ರಲ್ಲಿ ಕೇಂದ್ರ ಸರ್ಕಾರ ‘ಜೀವನ ಪ್ರಮಾಣ’ ಎಂಬ ಡಿಜಿಟಲ್ ವ್ಯವಸ್ಥೆ ತಂದ ಮೇಲೆ ಇದಕ್ಕೆ ಬೆರಳಿಟ್ಟರೆ ಸಾಕು ಎಂದಾಯಿತು. ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು, ಊರಲ್ಲೇ ಬ್ಯಾಂಕಿನ ಹಣ ತೆಗೆಯಲೂ ಹೆಬ್ಬೆಟ್ಟು. ಆದರೆ ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಲ್ಲಿ ಜೀವಮಾನವೆಲ್ಲ ಮಗ್ಗದ ಮುಂದೆ ನೂಲು ಹಿಡಿದ ಬೆರಳುಗಳಿವೆ, ಕಬ್ಬು ಕಡಿದ ಬೆರಳುಗಳಿವೆ, ಕಲ್ಲು ಒಡೆದ ಬೆರಳುಗಳಿವೆ. ಯಂತ್ರ ಇವನ್ನು ಎಷ್ಟೋ ಸಲ ಒಪ್ಪುವುದಿಲ್ಲ. ಒರೆಸಿ ಮತ್ತೊಮ್ಮೆ ಇಡು, ಬೆರಳು ಬದಲಿಸಿ ಇನ್ನೊಮ್ಮೆ ಇಡು. ಕೊನೆಗೆ ಪಾಳಿಯಲ್ಲಿ ನಿಂತ ಹಿರಿಯರ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: “ನಾ ಇಲ್ಲೇ ಎದುರಿಗೇ ನಿಂತೇನಲ್ರೀ, ನಾ ನಾನಲ್ಲ ಅಂದ್ರ ಹೆಂಗ್ರೀ?”

ಸಿಟ್ಟಿನಲ್ಲಿ ಬಂದ ಮಾತಾದರೂ ಇದರೊಳಗಿರುವುದು ಎರಡು ಸಾವಿರ ವರ್ಷಕ್ಕೂ ಹಳೆಯ ಪ್ರಶ್ನೆ. ಮೈ ಬದಲಾಗುತ್ತದೆ, ಸ್ವಭಾವ ಬದಲಾಗುತ್ತದೆ, ನೆನಪು ಮಾಸುತ್ತದೆ. ಹಾಗಿರುವಾಗ ಎಪ್ಪತ್ತು ವರ್ಷದ ಈ ಅಜ್ಜನೂ ಏಳು ವರ್ಷದ ಆ ಹುಡುಗನೂ ಒಬ್ಬರೇ ಎಂದು ನಾವು ಹೇಳುವುದು ಯಾವುದನ್ನು ನಂಬಿ? ತತ್ವಶಾಸ್ತ್ರ ಓದಿದವರು ಇದನ್ನು ವ್ಯಕ್ತಿಯ ಅನನ್ಯತೆಯ ಪ್ರಶ್ನೆ ಎನ್ನುತ್ತಾರೆ. ಹೆಸರು ಭಾರವಾಗಿದೆ, ವಿಷಯ ಅಷ್ಟು ಭಾರವಲ್ಲ. ಒಂದೊಂದೇ ಮೆಟ್ಟಿಲು ಹತ್ತಿದರೆ ಆಯಿತು.

ಯಂತ್ರ ನೋಡುವುದು ಏನನ್ನು?

ಬೆರಳ ತುದಿಯ ಗೆರೆಗಳು ಮೂಡುವುದು ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ, ಹೆಚ್ಚುಕಡಿಮೆ ಮೂರರಿಂದ ಐದನೇ ತಿಂಗಳ ನಡುವೆ. ಅವುಗಳ ಬುಡ ಇರುವುದು ಮೇಲ್ದೊಗಲಿನಲ್ಲಲ್ಲ, ಅದರ ಕೆಳಗಿನ ಪದರದಲ್ಲಿ. ಮೇಲಿನ ಚರ್ಮ ಉದುರಿ ಸುಮಾರು ಒಂದು ತಿಂಗಳಲ್ಲಿ ಹೊಸದಾಗುತ್ತಿರುತ್ತದೆ, ವಯಸ್ಸಾದಂತೆ ಇದು ನಿಧಾನವಾಗುತ್ತದೆ. ಹೊಸ ಚರ್ಮ ಕೆಳಗಿನ ಅಚ್ಚಿನ ಪ್ರಕಾರವೇ ಬೆಳೆಯುವುದರಿಂದ ಗೆರೆಗಳ ವಿನ್ಯಾಸ ಹಾಗೇ ಉಳಿಯುತ್ತದೆ. ಇಲ್ಲೇ ಒಂದು ಸ್ವಾರಸ್ಯವಿದೆ: ಇಪ್ಪತ್ತನೇ ವಯಸ್ಸಿನಲ್ಲಿ ಒತ್ತಿದ ಹೆಬ್ಬೆಟ್ಟಿನ ಮೇಲ್ಚರ್ಮದ ಒಂದು ಕಣವೂ ಅರವತ್ತರ ಹೆಬ್ಬೆಟ್ಟಿನ ಮೇಲೆ ಉಳಿದಿಲ್ಲ. ಆದರೂ ಗುರುತು ಅದೇ. ಅಂದರೆ ಇಲ್ಲಿ ಉಳಿದದ್ದು ವಸ್ತುವಲ್ಲ, ವಿನ್ಯಾಸ.

ಯಂತ್ರ ಆ ವಿನ್ಯಾಸದಲ್ಲಿ ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬ ಬಿಂದುಗಳನ್ನು ಗುರುತಿಸಿ, ಮೊದಲು ದಾಖಲಾದ ಬಿಂದುಗಳ ಜೊತೆ ತಾಳೆ ನೋಡುತ್ತದೆ. ತಾಳೆಯ ಅಂಕ ಒಂದು ಮಿತಿ ದಾಟಿದರೆ ‘ಹೌದು’, ದಾಟದಿದ್ದರೆ ‘ಅಲ್ಲ’. ದುಡಿಮೆಯಿಂದ ಗೆರೆ ಸವೆದರೆ, ವಯಸ್ಸಾಗಿ ಚರ್ಮ ಒಣಗಿ ಸಡಿಲಾದರೆ, ಅಂಕ ಮಿತಿಯ ಕೆಳಗೆ ಬೀಳುತ್ತದೆ. ಹಾಗಾಗಿ ಯಂತ್ರ ಯಾವತ್ತೂ ‘ಇವರೇ ಅವರು’ ಎಂದು ಹೇಳುವುದೇ ಇಲ್ಲ. ‘ಈ ಅಚ್ಚು ಆ ಅಚ್ಚಿಗೆ ಸಾಕಷ್ಟು ಹೋಲುತ್ತದೆ’ ಎಂದಷ್ಟೇ ಹೇಳುತ್ತದೆ. ಮುಂದಿನ ಹೆಜ್ಜೆ ಇಟ್ಟು, ಇವರೇ ಅವರು ಎಂದು ತೀರ್ಮಾನಿಸುವವರು ನಾವು.

ಈ ಪದ್ಧತಿ ಆಧುನಿಕ ರೂಪದಲ್ಲಿ ಬೆಳೆದದ್ದೂ ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪಿಂಚಣಿ ಪಡೆಯುವವರ ಬೆರಳಚ್ಚು ತೆಗೆದುಕೊಳ್ಳಲು ಶುರುಮಾಡಿದ. ಸತ್ತವರ ಹೆಸರಿನಲ್ಲಿ ಬೇರೆಯವರು ಬಂದು ಹಣ ಪಡೆಯುತ್ತಾರೆಂಬ ಅನುಮಾನ ಆಗಲೂ ಇತ್ತು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ವಿಧಾನ ರೂಪಿಸಿದ್ದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಪಾಲು ದೊಡ್ಡದು. ಆ ವಿಧಾನಕ್ಕೆ ಬಿದ್ದ ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಯದ್ದು.

ಬೆರಳಚ್ಚು ತಾಳೆಯಾಗದವರಿಗೆ ಈಗ ಬೇರೆ ದಾರಿಗಳಿವೆ: ಕಣ್ಣಿನ ಪಾಪೆ, ಮೊಬೈಲಿಗೆ ಬರುವ ಒಟಿಪಿ, 2021ರಿಂದ ಜೀವನ ಪ್ರಮಾಣಕ್ಕೆ ಮುಖಚಹರೆ. ಮಕ್ಕಳ ಆಧಾರ್‌ಗೆ ಐದು ವರ್ಷದೊಳಗೆ ಬೆರಳಚ್ಚು ತೆಗೆದುಕೊಳ್ಳುವುದೇ ಇಲ್ಲ. ಐದನೇ ವಯಸ್ಸಿಗೊಮ್ಮೆ, ಹದಿನೈದನೇ ವಯಸ್ಸಿಗೊಮ್ಮೆ ಹೊಸದಾಗಿ ದಾಖಲಿಸಬೇಕು. ಗುರುತು ಬದಲಾದರೂ ಮಗು ಬದಲಾಗಿಲ್ಲ ಎಂಬುದನ್ನು ನಿಯಮ ಮಾಡಿದವರೇ ಒಪ್ಪಿಕೊಂಡಿದ್ದಾರೆ ಎಂದಾಯಿತು.

‘ಒಂದೇ ಥರ’ ಬೇರೆ, ‘ಒಬ್ಬರೇ’ ಬೇರೆ

ಗೊಂದಲದ ಅರ್ಧ ಭಾಗ ಇಲ್ಲೇ ಬಿಡಿಸಿಕೊಳ್ಳಬಹುದು. ಅವಳಿ ಮಕ್ಕಳು ನೋಡಲು ಒಂದೇ ಥರ ಇರುತ್ತಾರೆ, ಆದರೆ ಇಬ್ಬರು. ಒಂದನೇ ಇಯತ್ತೆಯ ಗ್ರೂಪ್ ಫೋಟೋದಲ್ಲಿರುವ ಹುಡುಗಿಗೂ ಇಂದಿನ ಅಜ್ಜಿಗೂ ಹೋಲಿಕೆಯೇ ಇಲ್ಲ, ಆದರೆ ಒಬ್ಬರೇ. ಹೋಲಿಕೆ ಇದ್ದರೂ ಇಬ್ಬರಾಗಬಹುದು, ಇಲ್ಲದಿದ್ದರೂ ಒಬ್ಬರಾಗಬಹುದು. “ಮದುವಿ ಆದ ಮ್ಯಾಲೆ ಅಂವ ಮೊದಲಿನ ಮನಷ್ಯಾ ಉಳದಿಲ್ಲ ಬಿಡು” ಎಂದು ಗೆಳೆಯರು ಆಡಿಕೊಳ್ಳುವಾಗ ಹೇಳುತ್ತಿರುವುದು ಸ್ವಭಾವ ಬದಲಾಗಿದೆ ಎಂದು. ಅವನು ಕೊಟ್ಟ ಹಳೇ ಕೈಗಡ ವಾಪಸ್ ಕೇಳಲು ಬಂದರೆ ‘ನೀನು ಬೇರೆಯವನು’ ಎಂದು ಯಾರೂ ಕಳಿಸುವುದಿಲ್ಲ.

ಇನ್ನೂ ಒಂದು ವ್ಯತ್ಯಾಸವಿದೆ, ಅದನ್ನು ಬಿಡಿಸಿಕೊಂಡರೆ ಉಳಿದದ್ದೆಲ್ಲ ಸಲೀಸು. ಒಬ್ಬ ವ್ಯಕ್ತಿ ಅವನೇ ಎಂದು ನಾವು ಪತ್ತೆ ಹಚ್ಚುವುದು ಹೇಗೆ ಎಂಬುದು ಒಂದು ಪ್ರಶ್ನೆ. ಅವನು ಅವನೇ ಆಗಿರುವುದು ಯಾವುದರಿಂದ ಎಂಬುದು ಇನ್ನೊಂದು. ಬೆರಳಚ್ಚು, ಮಚ್ಚೆ, ಸಹಿ, ದನಿ ಎಲ್ಲವೂ ಮೊದಲನೆಯದಕ್ಕೆ ಸಾಕ್ಷಿ. ಕೈ ಕಳೆದುಕೊಂಡವನ ಬೆರಳಚ್ಚೇ ಇಲ್ಲವಾದರೂ ಅವನು ಇಲ್ಲವಾಗುವುದಿಲ್ಲ. ಎರಡನೇ ಪ್ರಶ್ನೆಗೆ ಸಾಕ್ಷಿ ಸಾಲದು. ಅದರ ಬಗ್ಗೆಯೇ ದೇಶದೇಶಗಳ ಚಿಂತಕರು ತಲೆ ಕೆಡಿಸಿಕೊಂಡದ್ದು.

ಮೈಯಲ್ಲಿ ಹಳೆಯದು ಎಷ್ಟು ಉಳಿದಿರುತ್ತದೆ?

ಸುಲಭದ ಉತ್ತರ: ಮೈ ಅದೇ, ಆದ್ದರಿಂದ ಮನುಷ್ಯ ಅವನೇ. ನಮ್ಮಲ್ಲಿ ಮೈಯಾಚೆಗೆ ಆತ್ಮವಿದೆ ಎಂಬುದನ್ನು ಒಪ್ಪದ ಚಾರ್ವಾಕರು ಹೀಗೆಯೇ ವಾದಿಸಿದರು. ‘ನಾನು ದಪ್ಪ’, ‘ನಾನು ಕುಳ್ಳ’ ಎನ್ನುವಾಗ ನಾವು ಹೇಳುತ್ತಿರುವುದು ಮೈಯ ಬಗ್ಗೆಯೇ ತಾನೆ?

ಆದರೆ ಮೈ ಅದೇ ಇರುತ್ತದೆಯೇ? ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಬದಲಾಗುತ್ತವೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಗಟ್ಟಿ ಎಂದುಕೊಂಡ ಎಲುಬು ಕೂಡ ವರ್ಷಕ್ಕೆ ಸುಮಾರು ಹತ್ತನೇ ಒಂದು ಪಾಲು ಹೊಸದಾಗುತ್ತದೆ. ಇದನ್ನೆಲ್ಲ ಕೇಳಿದವರು ‘ಏಳು ವರ್ಷಕ್ಕೊಮ್ಮೆ ಇಡೀ ಮೈ ಹೊಸದಾಗುತ್ತದೆ’ ಎಂಬ ಮಾತು ತೇಲಿಬಿಟ್ಟಿದ್ದಾರೆ. ವಾಟ್ಸ್ಆ್ಯಪಿನಲ್ಲಿ ಓಡಾಡುವ ಈ ಮಾತು ನಿಜವಲ್ಲ, ನಿಜವಲ್ಲ ಎಂದು ಗೊತ್ತಾದ ಬಗೆ ಮಾತ್ರ ಬಹಳ ಚೆನ್ನಾಗಿದೆ.

1950ರ ದಶಕದಲ್ಲಿ ಮತ್ತು 60ರ ದಶಕದ ಮೊದಲ ವರ್ಷಗಳಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷಿಸಿದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿತು. 1963ರಲ್ಲಿ ಬಯಲು ಪರೀಕ್ಷೆ ನಿಷೇಧದ ಒಪ್ಪಂದವಾದ ಮೇಲೆ ವರ್ಷವರ್ಷಕ್ಕೂ ಇಳಿಯುತ್ತ ಬಂತು. ಗಾಳಿಯಿಂದ ಪೈರಿಗೆ, ಪೈರಿನಿಂದ ನಮಗೆ ಅದು ಬಂದಿದೆ. ಒಂದು ಜೀವಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಪ್ರಮಾಣ ಉಳಿದುಬಿಡುತ್ತದೆ. ಸ್ವೀಡನ್ನಿನ ವಿಜ್ಞಾನಿ ಯೊನಾಸ್ ಫ್ರಿಸೆನ್ ಮತ್ತು ಅವರ ತಂಡ 2005ರಲ್ಲಿ ಇದನ್ನೇ ಅಳೆದು, ಯಾವ ಜೀವಕೋಶಕ್ಕೆ ಎಷ್ಟು ವಯಸ್ಸು ಎಂದು ಲೆಕ್ಕ ಹಾಕಿತು. ಮಿದುಳಿನ ಹೊರಪದರದ ನರಕೋಶಗಳ ವಯಸ್ಸು ಆ ಮನುಷ್ಯನ ವಯಸ್ಸೇ ಆಗಿತ್ತು. ಅವು ಬದಲಾಗುವುದಿಲ್ಲ. ಕಣ್ಣಿನ ಮಸೂರದ ನಡುಭಾಗ, ಹಲ್ಲಿನ ಎನಾಮಲ್ ಕೂಡ ಹಾಗೆಯೇ, ಬಾಲ್ಯದಲ್ಲಿ ಆದದ್ದೇ ಕಡೆತನಕ.

ಹಾಗಾದರೆ ಸಿಕ್ಕಿತಲ್ಲ, ಮಿದುಳಿನ ನರಕೋಶವೇ ನಾನು ಎನ್ನೋಣವೇ? ಅಲ್ಲೂ ತೊಡಕಿದೆ. ಕೋಶ ಅದೇ ಇದ್ದರೂ ಅದರೊಳಗಿನ ಪ್ರೋಟೀನು, ಕೊಬ್ಬು, ನೀರು ಬದಲಾಗುತ್ತಲೇ ಇರುತ್ತವೆ. ಒಂದು ಕೋಶ ಇನ್ನೊಂದಕ್ಕೆ ಬೆಸೆದುಕೊಂಡ ಕೊಂಡಿಗಳು ಪ್ರತಿ ಹೊಸ ಕಲಿಕೆಗೂ ಬದಲಾಗುತ್ತವೆ. ಮತ್ತೆ ಅದೇ ಮಾತು: ಉಳಿಯುವುದು ವಸ್ತುವೋ ವಿನ್ಯಾಸವೋ?

ಹಲಗೆ ಬದಲಾದ ಹಡಗು, ಎರಡಾದ ಬಾಗಲಕೋಟೆ

ಗ್ರೀಸಿನಲ್ಲಿ ಪ್ಲುಟಾರ್ಕ್ ಎಂಬ ಲೇಖಕ ಬರೆದಿಟ್ಟ ಪ್ರಸಂಗ ಇದು. ಥೀಸಿಯಸ್ ಎಂಬ ವೀರ ಬಂದಿಳಿದ ಹಡಗನ್ನು ಅಥೆನ್ಸಿನವರು ತಲೆಮಾರುಗಟ್ಟಲೆ ಕಾಪಾಡಿಕೊಂಡು ಬಂದರು. ಕೊಳೆತ ಹಲಗೆ ತೆಗೆದು ಹೊಸದು ಕೂಡಿಸುತ್ತ ಹೋದರು. ಕೊನೆಗೆ ಅದು ಅದೇ ಹಡಗೋ ಅಲ್ಲವೋ ಎಂದು ಅಲ್ಲಿನ ತತ್ವಜ್ಞಾನಿಗಳು ಜಗಳಾಡಿದರು. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೊಂದು ತಿರುವು ಕೊಟ್ಟ. ತೆಗೆದ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗು ಕಟ್ಟಿದರೆ? ಈಗ ಎರಡಿವೆ. ಅಸಲಿ ಯಾವುದು?

ಬಾಗಲಕೋಟೆಯವರಿಗೆ ಇದು ಕಟ್ಟುಕಥೆ ಎನಿಸಲಿಕ್ಕಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆ ಊರಿನ ದೊಡ್ಡ ಭಾಗವನ್ನು ನುಂಗಿತು. ಮನೆ ಕಳೆದುಕೊಂಡವರಿಗಾಗಿ ಎತ್ತರದ ಜಾಗದಲ್ಲಿ ನವನಗರ ಎದ್ದಿತು. ಜಿಲ್ಲಾ ಕಚೇರಿಗಳು, ನಂಬರಿನ ಸೆಕ್ಟರುಗಳು, ಅಗಲ ರಸ್ತೆಗಳು ಅಲ್ಲಿ. ಹಳೆ ಊರು ಪೂರ್ತಿ ಹೋಗಲಿಲ್ಲ; ಉಳಿದ ಓಣಿಗಳು, ಪೇಟೆ, ಗುಡಿಗಳು, ಹೋಳಿಯ ಬಣ್ಣದ ಬಂಡಿ ಇಲ್ಲಿ. ಜಲಾಶಯದ ಈಗಿನ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ, ಏರಿದರೆ ಇನ್ನಷ್ಟು ಜಾಗ ನೀರಿಗೆ ಹೋಗುತ್ತದೆ. ಜನ ಒಬ್ಬೊಬ್ಬರಾಗಿ, ಕಚೇರಿ ಒಂದೊಂದಾಗಿ ಮೇಲೆ ಹೋದವು. ಯಾವ ದಿನ ‘ಬಾಗಲಕೋಟೆ’ ಇಲ್ಲಿಂದ ಅಲ್ಲಿಗೆ ಹೋಯಿತು? ಅಂಥ ದಿನವೇ ಇಲ್ಲ.

ಅದಕ್ಕೇ ಜನರ ಉತ್ತರ ಕೇಳುವವರನ್ನು ನೋಡಿ ಬದಲಾಗುತ್ತದೆ. ಡಿಸಿ ಆಫೀಸಿಗೆ ಹೋಗುವವನಿಗೆ ನವನಗರವೇ ಬಾಗಲಕೋಟೆ. ಹೋಳಿಗೆ ಬರುವ ನೆಂಟರಿಗೆ ಹಳೆ ಊರೇ ಬಾಗಲಕೋಟೆ. ಇಬ್ಬರೂ ತಪ್ಪು ಹೇಳುತ್ತಿಲ್ಲ. ಊರಿನ ವಿಷಯದಲ್ಲಿ ಇಷ್ಟಕ್ಕೆ ಸುಮ್ಮನಾಗಬಹುದು. ಮನುಷ್ಯನ ವಿಷಯದಲ್ಲಿ ಆಗುವುದಿಲ್ಲ, ಏಕೆಂದರೆ ಊರಿಗೆ ನೋವಾಗುವುದಿಲ್ಲ, ಊರು ‘ನಾನು’ ಎನ್ನುವುದಿಲ್ಲ. ಹಡಗಿನ ಪ್ರಶ್ನೆ ಹೊರಗಿನಿಂದ ನೋಡುವವರದ್ದು. ಮನುಷ್ಯನ ಪ್ರಶ್ನೆಗೆ ಒಳಗಿನಿಂದಲೂ ಒಬ್ಬ ಉತ್ತರ ಕೊಡುತ್ತಿರುತ್ತಾನೆ.

ನೆನಪೇ ಮನುಷ್ಯನೇ?

ಒಳಗಿನ ಆ ಉತ್ತರವನ್ನು ಹಿಡಿದು ಹೊರಟವನು ಇಂಗ್ಲೆಂಡಿನ ಜಾನ್ ಲಾಕ್. 1694ರಲ್ಲಿ ತನ್ನ ಗ್ರಂಥದ ಎರಡನೇ ಆವೃತ್ತಿಗೆ ಅವನು ಈ ವಿಷಯದ ಮೇಲೆ ಹೊಸ ಅಧ್ಯಾಯ ಸೇರಿಸಿದ. ಒಬ್ಬ ರಾಜಕುಮಾರನ ಮನಸ್ಸು, ನೆನಪು ಎಲ್ಲವೂ ಒಬ್ಬ ಚಮ್ಮಾರನ ಮೈಗೆ ಬಂದು ಸೇರಿದವು ಎಂದುಕೊಳ್ಳಿ. ಎದ್ದು ಕೂತವನು ಯಾರು? ನೋಡುವವರಿಗೆ ಚಮ್ಮಾರನೇ. ಆದರೆ ರಾಜಕುಮಾರ ಮಾಡಿದ ಕೆಲಸಕ್ಕೆ ಹೊಣೆ ಹೊರಬೇಕಾದವನು ಇವನೇ ಎಂದ ಲಾಕ್. ಅವನ ಪ್ರಕಾರ ವ್ಯಕ್ತಿ ಎಂದರೆ ಪ್ರಜ್ಞೆ. ಹಿಂದಿನ ಕೆಲಸವನ್ನು ‘ನಾನು ಮಾಡಿದ್ದು’ ಎಂದು ಪ್ರಜ್ಞೆ ಎಷ್ಟು ಹಿಂದಕ್ಕೆ ಚಾಚಿ ಹಿಡಿಯುತ್ತದೋ ಅಷ್ಟು ಹಿಂದಿನವರೆಗೆ ಆ ವ್ಯಕ್ತಿ ಇದ್ದಾನೆ.

ಕೇಳಲು ಸರಿ ಎನಿಸುವ ಇದರ ಬಿರುಕನ್ನು 1785ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ರೀಡ್ ತೋರಿಸಿದ. ತೋಟದಲ್ಲಿ ಕದ್ದು ಏಟು ತಿಂದ ಒಬ್ಬ ಹುಡುಗ. ದೊಡ್ಡವನಾಗಿ ಸೈನ್ಯ ಸೇರಿ ಶತ್ರುವಿನ ಬಾವುಟ ಕಿತ್ತುಕೊಂಡ. ಆಗ ಅವನಿಗೆ ಏಟು ತಿಂದದ್ದು ನೆನಪಿತ್ತು. ಮುದುಕನಾಗಿ ಸೇನಾಪತಿಯಾದಾಗ ಬಾವುಟ ಕಿತ್ತದ್ದು ನೆನಪಿದೆ, ಏಟು ತಿಂದದ್ದು ಪೂರ್ತಿ ಮರೆತಿದೆ. ಲಾಕ್ ಹೇಳಿದಂತೆ ನಡೆದರೆ ಸೇನಾಪತಿ ಆ ಸೈನಿಕನೇ, ಸೈನಿಕ ಆ ಹುಡುಗನೇ, ಆದರೆ ಸೇನಾಪತಿ ಆ ಹುಡುಗನಲ್ಲ! ಲೆಕ್ಕ ಕೂಡುವುದಿಲ್ಲ.

ಇದಕ್ಕೆ ನಂತರದವರು ಕಂಡುಕೊಂಡ ಪರಿಹಾರವನ್ನು ಹತ್ತಿಯ ನೂಲನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹತ್ತಿಯ ಒಂದು ನಾರಿನ ಉದ್ದ ಹೆಚ್ಚೆಂದರೆ ಮೂರು-ನಾಲ್ಕು ಸೆಂಟಿಮೀಟರ್. ಅದರಿಂದ ತೆಗೆದ ನೂಲು ಸೀರೆಯ ಉದ್ದಕ್ಕೂ ಹೋಗುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಸಾಗುವ ಒಂದೇ ಒಂದು ನಾರು ಅದರಲ್ಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ, ಒಂದರ ಮೇಲೊಂದು ಹುರಿಗೊಂಡಿರುವುದರಿಂದಲೇ ನೂಲು ಗಟ್ಟಿ. ಸೇನಾಪತಿಗೆ ಹುಡುಗನ ನೆನಪು ಇರಬೇಕಿಲ್ಲ; ಹುಡುಗನಿಂದ ಸೈನಿಕನಿಗೆ, ಸೈನಿಕನಿಂದ ಸೇನಾಪತಿಗೆ ಎಳೆ ಹೆಣೆದುಕೊಂಡು ಬಂದಿದ್ದರೆ ಸಾಕು. ನೆನಪಷ್ಟೇ ಅಲ್ಲ, ಅಭ್ಯಾಸ, ಅಕ್ಕರೆ, ಹಟ, ಕೈಗೆ ಕೂತ ಕಸುಬು ಇವೂ ಆ ನಾರುಗಳೇ. ಇಪ್ಪತ್ತನೇ ಶತಮಾನದ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಬೇರೊಂದು ಸಂದರ್ಭಕ್ಕೆ ಇದೇ ನೂಲಿನ ಹೋಲಿಕೆ ಬಳಸಿದ್ದ. ನಮ್ಮ ನೇಕಾರ ಓಣಿಯವರು ಕೇಳಿದ್ದರೆ ‘ಇದನ್ನ ಹೇಳಾಕ ಅಷ್ಟ್ ದೂರದಿಂದ ಬರಬೇಕಿತ್ತೇನು’ ಎನ್ನುತ್ತಿದ್ದರೇನೋ.

ಈ ಪರಿಹಾರಕ್ಕೂ ಒಂದು ಪರೀಕ್ಷೆ ಬಂತು. 1984ರಲ್ಲಿ ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್ ಒಂದು ಕಲ್ಪನೆ ಮುಂದಿಟ್ಟರು. ಒಬ್ಬನ ಮಿದುಳಿನ ಎರಡು ಅರ್ಧಗಳನ್ನು ಬೇರೆ ಬೇರೆ ಎರಡು ಮೈಗಳಿಗೆ ಕೂಡಿಸಿದರೆ, ಇಬ್ಬರಿಗೂ ಅವನದೇ ನೆನಪು, ಅವನದೇ ಸ್ವಭಾವ. ಎಳೆ ಎರಡಾಗಿ ಸೀಳಿತು. ಅವನು ಇಬ್ಬರಲ್ಲಿ ಯಾರು? ಬಾಗಲಕೋಟೆಗೆ ಬಂದ ಪ್ರಶ್ನೆಯೇ ಮನುಷ್ಯನಿಗೂ ಬಂತು. ಪಾರ್ಫಿಟ್ ಹೇಳಿದ್ದು ಇಷ್ಟು: ‘ಅವನೇ ಹೌದೋ ಅಲ್ಲವೋ’ ಎಂಬುದಕ್ಕಿಂತ ಎಳೆ ಎಷ್ಟು ಮುಂದುವರಿದಿದೆ ಎಂಬುದು ಮುಖ್ಯ, ಮತ್ತು ಮುಂದುವರಿಕೆ ಹೆಚ್ಚು-ಕಡಿಮೆ ಆಗಬಹುದಾದ ಸಂಗತಿ. ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ನಾಳೆ ಹಲ್ಲು ಕೀಳಿಸಿಕೊಳ್ಳಬೇಕಾದವನಿಗೆ ‘ನೋವು ನಿನಗೆ ಮುಕ್ಕಾಲು ಪಾಲು ಆಗುತ್ತದೆ’ ಎಂದರೆ ಸಮಾಧಾನವಾಗುತ್ತದೆಯೇ?

ನಮ್ಮ ನೆಲದಲ್ಲಿ ನಡೆದ ವಾದ

ಲಾಕ್‌ಗಿಂತ ಬಹಳ ಮೊದಲೇ ಈ ಉಪಖಂಡದಲ್ಲಿ ವಾದ ಕಾವೇರಿತ್ತು. ಕ್ರಿಸ್ತಪೂರ್ವ ಎರಡನೇ ಶತಮಾನದ ಯವನ (ಗ್ರೀಕ್) ದೊರೆ ಮಿನಾಂಡರ್, ಬೌದ್ಧ ಭಿಕ್ಷು ನಾಗಸೇನನನ್ನು ಪ್ರಶ್ನಿಸಿದ ಸಂವಾದ ಪಾಲಿ ಭಾಷೆಯಲ್ಲಿ ಉಳಿದಿದೆ. ನಾಗಸೇನ ದೊರೆಯನ್ನೇ ಕೇಳುತ್ತಾನೆ: ನೀನು ಬಂದ ರಥ ಯಾವುದು, ಗಾಲಿಯೋ, ಅಚ್ಚೋ, ನೊಗವೋ? ಯಾವುದೂ ಅಲ್ಲ, ಅವೆಲ್ಲ ಕೂಡಿದಾಗ ನಾವು ಇಡುವ ಹೆಸರು ರಥ. ‘ನಾಗಸೇನ’ನೂ ಅಷ್ಟೇ. ಹಾಗಾದರೆ ಹುಟ್ಟಿದ ಕೂಸು ಮತ್ತು ಬೆಳೆದ ದೊರೆ ಬೇರೆಯೇ ಎಂದರೆ, ಬೇರೆಯಾದರೆ ನಿನಗೆ ತಾಯಿಯೂ ಇಲ್ಲ, ಗುರುವೂ ಇಲ್ಲವೆಂದಾಯಿತು ಎನ್ನುತ್ತಾನೆ. ಅದೇ ಅಲ್ಲ, ಬೇರೆಯೂ ಅಲ್ಲ: ರಾತ್ರಿಯಿಡೀ ಉರಿದ ದೀಪದ ಮೊದಲ ಜಾವದ ಕುಡಿ ಕೊನೆಯ ಜಾವದ ಕುಡಿಯಲ್ಲ, ಆದರೆ ದೀಪ ಒಂದೇ.

ಅದೇ ಸಂವಾದದಲ್ಲಿ ಮಾವಿನಹಣ್ಣಿನ ಕಳ್ಳನೊಬ್ಬ ಬರುತ್ತಾನೆ. ‘ಇವನು ನೆಟ್ಟ ಮಾವು ಬೇರೆ, ನಾನು ಕದ್ದ ಮಾವು ಬೇರೆ, ನಾನೇಕೆ ತಪ್ಪಿತಸ್ಥ?’ ಎಂದು ಅವನ ವಾದ. ದೊರೆಯೇ ತೀರ್ಪು ಹೇಳುತ್ತಾನೆ: ಕದ್ದದ್ದು ನೆಟ್ಟದ್ದರಿಂದಲೇ ಬಂದದ್ದು, ಶಿಕ್ಷೆ ಆಗಲೇಬೇಕು. ಮೂವತ್ತು ವರ್ಷ ತಲೆಮರೆಸಿಕೊಂಡು ಸಿಕ್ಕಿಬಿದ್ದವನು ‘ಅವತ್ತಿನ ನಾನು ಬೇರೆ’ ಎಂದರೆ ಇಂದಿನ ಕೋರ್ಟೂ ಹೆಚ್ಚುಕಡಿಮೆ ಇದನ್ನೇ ಹೇಳೀತು. ಸುಧಾರಿಸಿದ್ದಾನೆ ಎಂಬುದು ಶಿಕ್ಷೆಯ ಪ್ರಮಾಣ ಇಳಿಸಬಹುದು, ಆರೋಪಿಯನ್ನು ಬದಲಿಸುವುದಿಲ್ಲ. (1739ರಲ್ಲಿ ಡೇವಿಡ್ ಹ್ಯೂಮ್ ಎಂಬ ಸ್ಕಾಟಿಷ್ ಚಿಂತಕ, ನನ್ನೊಳಗೆ ಹುಡುಕಿದರೆ ಬಿಸಿ, ತಂಪು, ಪ್ರೀತಿ, ದ್ವೇಷ ಸಿಗುತ್ತವೆಯೇ ಹೊರತು ‘ನಾನು’ ಸಿಗುವುದಿಲ್ಲ ಎಂದದ್ದು ನಾಗಸೇನನ ಮಾತಿಗೆ ಬಹಳ ಹತ್ತಿರ.)

ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರು ಇದನ್ನು ಸುತರಾಂ ಒಪ್ಪಲಿಲ್ಲ. ಕಣ್ಣಿನಿಂದ ಕಂಡ ವಸ್ತುವನ್ನೇ ಈಗ ಕೈಯಿಂದ ಮುಟ್ಟುತ್ತಿದ್ದೇನೆ ಎಂದು ನಾನು ಹೇಳಬೇಕಾದರೆ, ಕಂಡವನೂ ಮುಟ್ಟಿದವನೂ ಒಬ್ಬನೇ ಇರಬೇಕು. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನಪಿಸಿಕೊಳ್ಳಲಾರ. ಆದ್ದರಿಂದ ನೆನಪುಗಳ ಸಾಲಿನ ಹಿಂದೆ ನಿಂತ ಆತ್ಮ ಬೇಕೇ ಬೇಕು. ಅದ್ವೈತಿಗಳು ‘ಈತನೇ ಆ ದೇವದತ್ತ’ ಎಂಬ ವಾಕ್ಯವನ್ನು ಹಿಡಿದು, ಆಗ-ಈಗ, ಅಲ್ಲಿ-ಇಲ್ಲಿ ಎಂಬ ಹೊರಗಿನ ವಿವರಗಳನ್ನು ಕಳಚಿದರೆ ಉಳಿಯುವುದು ಒಂದೇ ಎಂದು ವಿವರಿಸಿದರು.

ಜೈನರ ಉತ್ತರ ಇವೆರಡರ ನಡುವಿನದು, ಬೆಳಗಾವಿ ಕೋಟೆಯ ಕಮಲ ಬಸದಿಯ ನೆಲದಲ್ಲಿ ಅದನ್ನು ನೆನೆಯಲೇಬೇಕು. ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಏಕಕಾಲಕ್ಕೆ ಇರುತ್ತವೆ ಎನ್ನುತ್ತಾರೆ ಅವರು: ಉತ್ಪಾದ, ವ್ಯಯ, ಧ್ರೌವ್ಯ. ಆಚಾರ್ಯ ಸಮಂತಭದ್ರರ ಉದಾಹರಣೆ ಪ್ರಸಿದ್ಧ. ಚಿನ್ನದ ಕೊಡ ಕರಗಿಸಿ ಕಿರೀಟ ಮಾಡಿದರು. ಕೊಡ ಬೇಕಿದ್ದವನು ಅತ್ತ, ಕಿರೀಟ ಬೇಕಿದ್ದವನು ಹಿಗ್ಗಿದ, ಚಿನ್ನ ಬೇಕಿದ್ದವನು ಎರಡೂ ಇಲ್ಲದೆ ಸುಮ್ಮನಿದ್ದ. ಮೂವರೂ ನೋಡಿದ್ದು ನಿಜವನ್ನೇ. ನನಗೆ ಈ ಉದಾಹರಣೆ ಮೇಲಿನವಕ್ಕಿಂತ ಹೆಚ್ಚು ಉಪಯೋಗದ್ದೆನಿಸುತ್ತದೆ, ಏಕೆಂದರೆ ‘ಅದೇ ಹೌದೇ?’ ಎಂದು ಕೇಳುವವನಿಗೆ ಬೇಕಾದದ್ದು ಏನು ಎಂಬುದನ್ನೂ ಇದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಕೋರ್ಟಿಗೆ ಬಂದ ಸನ್ಯಾಸಿ

ಬ್ರಿಟಿಷರ ಕಾಲದ ಒಂದು ಮೊಕದ್ದಮೆಯಲ್ಲಿ ಈ ಎಲ್ಲ ವಾದಗಳೂ ನೆಲಕ್ಕಿಳಿದವು. ಈಗಿನ ಬಾಂಗ್ಲಾದೇಶದಲ್ಲಿರುವ ಭವಾಲ್ ಜಮೀನ್ದಾರಿಯ ಎರಡನೇ ಕುಮಾರ ರಮೇಂದ್ರ ನಾರಾಯಣ ರಾಯ್ 1909ರ ಮೇ ತಿಂಗಳಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡ, ದಹನವೂ ಆಯಿತು ಎಂದು ಸುದ್ದಿ ಬಂತು. ಹನ್ನೆರಡು ವರ್ಷದ ನಂತರ ಢಾಕಾದಲ್ಲಿ ಬೂದಿ ಬಳಿದುಕೊಂಡ ಸನ್ಯಾಸಿಯೊಬ್ಬ ಕಾಣಿಸಿಕೊಂಡ. ಅಕ್ಕ-ತಂಗಿಯರಲ್ಲಿ ಅವನನ್ನು ತಮ್ಮವನೇ ಎಂದವರಿದ್ದರು. ಹೆಂಡತಿ ಬಿಭಾವತಿ ದೇವಿ, ಇವನು ವೇಷಧಾರಿ ಎಂದಳು. ಸಾಧುಗಳು ಚಿತೆಯಿಂದ ಕಾಪಾಡಿದರು, ವರ್ಷಗಟ್ಟಲೆ ನೆನಪು ಹೋಗಿತ್ತು ಎಂಬುದು ಅವನ ಹೇಳಿಕೆ.

1930ರಲ್ಲಿ ದಾವೆ ಹೂಡಿದ. ಸಾವಿರಕ್ಕೂ ಹೆಚ್ಚು ಜನ ಸಾಕ್ಷಿ ನುಡಿದರು. ಕಾಲಿನ ಗಾಯದ ಕಲೆ, ಪಾದದ ಒರಟು ಚರ್ಮ, ಕಣ್ಣಿನ ಬಣ್ಣ, ಕೈಬರಹ ಎಲ್ಲವನ್ನೂ ಅಳೆದು ತೂಗಿದರು. ಬಂಗಾಳಿ ಸರಿಯಾಗಿ ಬರುವುದಿಲ್ಲವಲ್ಲ ಎಂಬ ಆಕ್ಷೇಪವೂ ಬಂತು. 1936ರಲ್ಲಿ ನ್ಯಾಯಾಧೀಶ ಪನ್ನಾಲಾಲ್ ಬಸು, ಇವನೇ ಕುಮಾರ ಎಂದು ತೀರ್ಪಿತ್ತರು. 1940ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 1946ರಲ್ಲಿ ಆಗಿನ ಕಡೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ. ಗೆದ್ದವನು ಕೆಲವೇ ದಿನಗಳಲ್ಲಿ ತೀರಿಕೊಂಡ.

ನೆನಪು ಹೋಗಿತ್ತು, ಭಾಷೆ ಹೋಗಿತ್ತು, ಬದುಕಿನ ರೀತಿಯೇ ಬದಲಾಗಿತ್ತು. ಲಾಕ್ ನ್ಯಾಯಪೀಠದಲ್ಲಿದ್ದಿದ್ದರೆ ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ಆದರೆ ಕೋರ್ಟಿಗೆ ಬೇಕಿದ್ದುದು ಒಂದೇ: ಡಾರ್ಜಿಲಿಂಗಿನಲ್ಲಿ ಮಲಗಿದ್ದ ಮೈ ಇದೇ ಹೌದೋ? ಆಸ್ತಿ, ಸಾಲ, ಪಿಂಚಣಿ, ಶಿಕ್ಷೆಗಳ ಮಟ್ಟಿಗೆ ಕಾನೂನು ಇಂದಿಗೂ ಮೈಯ ಎಳೆಯನ್ನೇ ಹಿಡಿದು ಹೋಗುತ್ತದೆ. ಗೆಜೆಟ್‌ನಲ್ಲಿ ಹೆಸರು ಬದಲಿಸಿಕೊಂಡರೂ ಹಳೆ ಹೆಸರಿನ ಸಾಲ ಬೆನ್ನು ಬಿಡುವುದಿಲ್ಲ.

ಮನೆಯಲ್ಲಿ ಬೇರೆ ಲೆಕ್ಕ

ಕಾನೂನಿಗೆ ಸಾಕಾದದ್ದು ಮನೆಯವರಿಗೆ ಸಾಲುವುದಿಲ್ಲ. ಮರೆವಿನ ಕಾಯಿಲೆ ಬಂದ ಹಿರಿಯರಿರುವ ಮನೆಗಳಲ್ಲಿ “ಅಪ್ಪ ಮದಲಿನ ಅಪ್ಪ ಉಳದಿಲ್ಲ” ಎಂಬ ಮಾತು ಕೇಳಿಬರುತ್ತದೆ. ಅಮೆರಿಕದ ನೀನಾ ಸ್ಟ್ರೋಮಿಂಗರ್ ಮತ್ತು ಶಾನ್ ನಿಕೋಲ್ಸ್ 2015ರಲ್ಲಿ ಪ್ರಕಟಿಸಿದ 248 ಮಂದಿಯ ಅಧ್ಯಯನ ಇದನ್ನೇ ಕೆದಕಿತು. ಮಿದುಳು-ನರಗಳ ಮೂರು ಬೇರೆ ಬೇರೆ ಕಾಯಿಲೆ ಬಂದವರ ಮನೆಯವರನ್ನು ಅವರು ಮಾತಾಡಿಸಿದರು. ಒಂದರಲ್ಲಿ ಮೈಯ ಚಲನೆ ನಿಲ್ಲುತ್ತದೆ, ಮನಸ್ಸು ಬಹುಮಟ್ಟಿಗೆ ಹಾಗೇ ಇರುತ್ತದೆ. ಇನ್ನೊಂದು ಅಲ್ಜೈಮರ್, ಮುಖ್ಯವಾಗಿ ನೆನಪು ಹೋಗುತ್ತದೆ. ಮೂರನೆಯದರಲ್ಲಿ ಮಿದುಳಿನ ಮುಂಭಾಗ ಕೆಟ್ಟು, ಕರುಣೆ, ಪ್ರಾಮಾಣಿಕತೆ, ಮರ್ಯಾದೆಯ ಪ್ರಜ್ಞೆ ಹೋಗುತ್ತವೆ. ‘ಇವರು ನಮ್ಮವರಾಗಿ ಉಳಿದಿಲ್ಲ’ ಎಂದು ಹೆಚ್ಚು ಹೇಳಿದವರು ಮೂರನೆಯ ಗುಂಪಿನವರು. ಎರಡು ಸಾವಿರ ವರ್ಷ ಮೈಯೋ ನೆನಪೋ ಎಂದು ವಾದ ನಡೆದರೆ, ಜೊತೆಗೆ ಬದುಕಿದವರು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದದ್ದು ಗುಣವನ್ನು.

ಇದು ಬರೀ ಭಾವನೆಯ ಮಾತಾಗಿ ಉಳಿಯದಂತೆ ಮಾಡಿದ್ದು ಮುಂಗಡ ವೈದ್ಯಕೀಯ ಸೂಚನೆ, ಅಂದರೆ ಲಿವಿಂಗ್ ವಿಲ್. ವಾಸಿಯಾಗದ ಕಾಯಿಲೆಯ ಕೊನೆ ಹಂತದಲ್ಲಿ, ಮಾತು-ಬುದ್ಧಿ ಇಲ್ಲದಿರುವಾಗ, ತನಗೆ ಯಂತ್ರದ ಮೇಲೆ ಉಸಿರಾಡಿಸುವಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರ ಮಾರ್ಚಿನಲ್ಲಿ ಅವಕಾಶ ಕೊಟ್ಟಿತು. 2023ರ ಜನವರಿಯಲ್ಲಿ ವಿಧಾನ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು.

ಅರವತ್ತರಲ್ಲಿ ಬರೆದಿಟ್ಟ ಕಾಗದ ಎಂಬತ್ತರ ಹಾಸಿಗೆಯಲ್ಲಿರುವವರನ್ನು ಕಟ್ಟಿಹಾಕಬಹುದೇ? ಮರೆವಿನ ಕಾಯಿಲೆಯವರ ವಿಷಯದಲ್ಲಿ ಅಮೆರಿಕದಲ್ಲಿ ಈ ಚರ್ಚೆ ಜೋರಾಗಿ ನಡೆದಿದೆ. ಬುದ್ಧಿ ಸ್ವಾಧೀನದಲ್ಲಿದ್ದಾಗ ತನ್ನ ಇಡೀ ಬಾಳನ್ನು ನೋಡಿ ಬರೆದ ಮಾತಿಗೇ ಬೆಲೆ ಎಂದರು ಕಾನೂನು ಚಿಂತಕ ರೊನಾಲ್ಡ್ ಡ್ವಾರ್ಕಿನ್. ಈಗ ಎದುರಿಗಿರುವ, ಹಳೆಯದೆಲ್ಲ ಮರೆತು ಸಣ್ಣಪುಟ್ಟದ್ದಕ್ಕೆ ನಗುವ ಜೀವದ ಹಿತ ಮೊದಲು ನೋಡಬೇಕು ಎಂದರು ರೆಬೆಕ್ಕಾ ಡ್ರೆಸ್ಸರ್. ನೂಲಿನ ಎಳೆ ಎಲ್ಲಿ ತೀರಾ ತೆಳುವಾಗುತ್ತದೋ ಅಲ್ಲಿ ಹುಟ್ಟುವ ಜಗಳ ಇದು.

ನಮ್ಮ ನಿಯಮದ ಪ್ರಕಾರ ಬರೆದವರು ಬುದ್ಧಿ ಸ್ವಾಧೀನದಲ್ಲಿರುವವರೆಗೆ ಯಾವಾಗ ಬೇಕಾದರೂ ಬರಹದಲ್ಲಿ ಅದನ್ನು ಹಿಂಪಡೆಯಬಹುದು ಅಥವಾ ಬದಲಿಸಬಹುದು. ತಮ್ಮ ಪರವಾಗಿ ನಿರ್ಧಾರ ಹೇಳುವವರನ್ನು ಹೆಸರಿಸಬಹುದು. ಸ್ವಾಧೀನ ತಪ್ಪಿದ ಮೇಲೆ ಆ ಕಾಗದ ಮತ್ತು ಹೆಸರಿಸಿದವರು ಮಾತಾಡುತ್ತಾರೆ. ಆಸ್ಪತ್ರೆಯಲ್ಲಿ ಒಂದರ ಮೇಲೊಂದು ಎರಡು ವೈದ್ಯರ ಮಂಡಳಿಗಳು ಕೂತು ಕಾಯಿಲೆ ವಾಸಿಯಾಗುವಂಥದ್ದೋ ಅಲ್ಲವೋ ಎಂದು ನೋಡುತ್ತವೆ. ಸಹಿ ಮಾಡಿದವರೂ ಹಾಸಿಗೆಯಲ್ಲಿರುವವರೂ ಒಬ್ಬರೇ ಹೌದೋ ಎಂದು ಆ ಎರಡು ಮಂಡಳಿಗಳೂ ಕೇಳುವುದಿಲ್ಲ. ಕಾನೂನು ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗಿದೆ.